ಅಪ್ಪನ ಅಟ್ಟಣೆಯ ಮೆಟ್ಟಿಲು

ಮಟ್ಟಿಲ ಮನೆತನದ ಬೇಟೆ ಕ್ಯಾಂಪಿನಲ್ಲಿ ಇರುವುದು ಎರಡೇ ಕಾನೂನು. ಎರಡನ್ನೂ ಮಾಡಿದವನು ಮುದುಕ ಒನ್ನಿ ಮಟ್ಟಿಲ. ಅವನು ಸತ್ತು ಬಹಳ ಕಾಲವಾಯಿತು. ಕಾನೂನುಗಳಿಗೆ ಮಾತ್ರ ಇವತ್ತಿಗೂ ಒಂದು ನೆಗಡಿ ಕೂಡ ಬಂದಿಲ್ಲ.

ಮೊದಲನೆಯದು: ಜಿಂಕೆಗೆ ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಅಂಚನ್ನು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯಬೇಕು. ನಾವು ಅದನ್ನು ಬಾಲ ಎನ್ನುತ್ತೇವೆ. ಒಲೆಯ ಹಿಂದಿನ ಗೋಡೆಯ ತುಂಬ ಇಂಥ ಬಾಲಗಳಿವೆ. ಕೆಲವು ಹೊಗೆಗೆ ಕಪ್ಪಾಗಿ ಯಾರವೆಂದು ಗುರುತೇ ಸಿಗುವುದಿಲ್ಲ, ಅದು ಆ ಅಂಗಿಯವರ ಪುಣ್ಯ. ನನ್ನವೂ ಒಂದೆರಡಿವೆ. ಗೋಡೆಯಲ್ಲಿ ಇನ್ನಷ್ಟು ಜಾಗ ನುಂಗುವುದು ಬೇಡವೆಂದು ನಾನು ಬಂದೂಕು ಬಿಟ್ಟು ಸೌಟು ಹಿಡಿದೆ. ಈಗ ಕ್ಯಾಂಪಿನ ಅಡುಗೆ ನನ್ನದು. ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಎಲ್ಲರೂ ಮೇಷ್ಟ್ರೇ ಎನ್ನುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೂ ಮೇಷ್ಟ್ರೇ ಎಂದೇ ಬಯ್ಯುತ್ತಾರೆ.

ಎರಡನೆಯದು: ಕ್ಯಾಂಪಿನಲ್ಲಿ ಏನನ್ನು ಯಾರು ಮುರಿದರೋ ಅವರೇ ಅದನ್ನು ಮತ್ತೆ ಮಾಡಬೇಕು. ಹೇಗೆ ಮಾಡುತ್ತಾರೆ ಎನ್ನುವುದಕ್ಕೆ ಬೇರೆಯವರು ಬಾಯಿ ಹಾಕಕೂಡದು. ಒನ್ನಿಯ ಹಿರಿಮಗ ಸುಲೊ ಒಮ್ಮೆ ಒಲೆಯ ಕೊಳವೆಯನ್ನು ಒಳಗೆ ತರುವಾಗ ಕ್ಯಾಂಪಿಗಿದ್ದ ಒಂದೇ ಕಿಟಕಿಯನ್ನು ಪುಡಿ ಮಾಡಿದ. ಗಾಜು ತರಲು ಪೇಟೆಗೆ ಹೋಗುವ ಬದಲು ಗುಜರಿ ಲಾರಿಯೊಂದರ ಮುಂಗಾಜನ್ನು ಕಿತ್ತು ತಂದು ಕೂರಿಸಿದ, ಮಳೆ ಒರೆಸುವ ಕಡ್ಡಿಯ ಸಮೇತ. ಅಂದಿನಿಂದ ನಮಗೆ ಹೊರಗಿನ ಕಾಡು ಸ್ವಲ್ಪ ಬಾಗಿದಂತೆ ಕಾಣುತ್ತದೆ. ಯಾರೂ ಏನೂ ಹೇಳಲಿಲ್ಲ. ಹೇಳುವಂತಿರಲಿಲ್ಲ.

ಆಮೇಲಾಮೇಲೆ ಸುಲೊ ಮೂರನೆಯದೊಂದು ಕಾನೂನನ್ನು ತಾನೇ ಸೇರಿಸಿದ. ಅಂಗಡಿಯವರು ಮರದ ಮೇಲೆ ಕೂತು ಜಿಂಕೆಗೆ ಕಾಯುವ ಅಟ್ಟಣೆಯ ಜೊತೆಗೆ ಎದೆ, ಸೊಂಟ, ತೊಡೆ ಬಿಗಿಯುವ ಬೆಲ್ಟೊಂದನ್ನೂ ಡಬ್ಬಿಯಲ್ಲಿಟ್ಟು ಮಾರತೊಡಗಿದ್ದರು, ಬಿದ್ದರೆ ಹಗ್ಗ ಹಿಡಿದುಕೊಳ್ಳಲಿ ಎಂದು. ಬೆಲ್ಟು ಹಾಕಿ ಮರ ಹತ್ತಿದವನ ಬಾಲವನ್ನೂ ಕತ್ತರಿಸತಕ್ಕದ್ದು ಎಂದ ಸುಲೊ. "ಮರಕ್ಕೆ ಕಟ್ಟೋದು ಆಡನ್ನ," ಎನ್ನುತ್ತಿದ್ದ. ಆ ಡಬ್ಬಿಗಳೆಲ್ಲ ಹಬೆ ಸ್ನಾನದ ಮನೆಯಾದ ಸೌನಾದ ಹಿಂದಿನ ಕೊಟ್ಟಿಗೆಯಲ್ಲಿ ಇಲಿಗಳಿಗೆ ಮನೆಯಾದವು.

ಸುಲೊ ಮಾತ್ರ ಅಂಗಡಿಯ ಅಟ್ಟಣೆಯನ್ನು ಮೂಸಿಯೂ ನೋಡಿದವನಲ್ಲ. ಅವನ ಪಾಲಿಗೆ ಅಟ್ಟಣೆಯೆಂದರೆ ಅಪ್ಪನ ಅಟ್ಟಣೆ. ಬೀವರ್‌ಗಳೆಂಬ ನೀರುಪ್ರಾಣಿಗಳು ತೊರೆಗೆ ಕಟ್ಟೆ ಕಟ್ಟಿ ಬಿಟ್ಟುಹೋದ ಹುಲ್ಲುಗಾವಲಿನ ಆಚೆ ದಡದಲ್ಲಿ, ಕ್ಯಾಂಪಿನ ಕಿಟಕಿಗೆ ನೇರವಾಗಿ, ಒಂದು ದೊಡ್ಡ ಪೈನ್ ಮರದ ಮೇಲೆ ಒನ್ನಿ ಕಟ್ಟಿದ್ದು. ಕಾಂಡದುದ್ದಕ್ಕೂ ಹಲಗೆ ತುಂಡುಗಳನ್ನು ಅಡ್ಡಡ್ಡ ಹೊಡೆದು ಮೆಟ್ಟಿಲು ಮಾಡಿದ್ದ. ಒನ್ನಿ ಸತ್ತರೂ ಮರ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಕಾಂಡ ದಪ್ಪವಾದಂತೆ ಹಲಗೆಗಳು ಮೊಳೆಯಿದ್ದಲ್ಲೇ ಸೀಳುತ್ತಿದ್ದವು. ಪ್ರತಿ ವರ್ಷ ಬೇಟೆಗೆ ಮುಂಚೆ ಸುಲೊ ಸುತ್ತಿಗೆ ಹಿಡಿದು ಹೋಗಿ ಸೀಳಿನ ಪಕ್ಕಕ್ಕೆ ಇನ್ನೊಂದು ಮೊಳೆ ಜಡಿದು ಬರುತ್ತಿದ್ದ. ಕೊನೆಕೊನೆಗೆ ಆ ಮೆಟ್ಟಿಲುಗಳಲ್ಲಿ ಹಲಗೆಗಿಂತ ಕಬ್ಬಿಣವೇ ಜಾಸ್ತಿಯಾಯಿತು. ಆದ್ದರಿಂದಲೇ ಅವು ಗಟ್ಟಿ ಎಂಬುದು ಅವನ ವಾದ.

ಕೆಲವು ವರ್ಷಗಳ ಹಿಂದೆ ಬೇಟೆಯ ಮೊದಲ ದಿನ ಅವನ ತಂಗಿ ಲೆಂಪಿಯ ಗಂಡ ರೇಯ್ನೊ ಅಪ್ಪನ ಅಟ್ಟಣೆಯಿಂದ ಇಳಿಯಲು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಕಾಲಿಟ್ಟ. ಮೆಟ್ಟಿಲು ಕಿತ್ತು ಬಂತು. ರೇಯ್ನೊನ ಸೊಂಟದ ಮೂಳೆ ಮುರಿಯಿತು. ಬೂಟಿಗೆ ಹಿಮ ಅಂಟಿ ಜಾರಿದ್ದು ಎಂದು ಸುಲೊ ತೀರ್ಪು ಕೊಟ್ಟ. ಮೆಟ್ಟಿಲನ್ನು ಎತ್ತಿ, ಅದೇ ಜಾಗಕ್ಕೆ ಇಟ್ಟು, ಅದೇ ತೂತುಗಳ ಪಕ್ಕ ಹೊಸ ಮೊಳೆ ಹೊಡೆದ.

ಅಪ್ಪನ ಅಟ್ಟಣೆ ಯಾರಿಗೆ ಎಂಬುದನ್ನು ಬೇಸಿಗೆಯಲ್ಲೇ ಇಸ್ಪೀಟು ಎಲೆ ಎಳೆದು ನಿರ್ಧರಿಸುತ್ತಾರೆ. ಮುಂದಿನ ಸಲ ದೊಡ್ಡ ಎಲೆ ಬಂದದ್ದು ಲೆಂಪಿ ಮತ್ತು ರೇಯ್ನೊ ದಂಪತಿಯ ಒಬ್ಬನೇ ಮಗ ರಾಡ್ನಿಗೆ. ರಾಡ್ನಿಗೆ ನಲವತ್ತು ವರ್ಷ, ಎದೆಯವರೆಗೆ ಗಡ್ಡ, ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಾನೆ. ಲೆಂಪಿ ಅವನಿಗೊಂದು ಬೆಲ್ಟು ಕೊಡಿಸಿದಳು. ಅವನು ಅದನ್ನು ಲಾರಿಯ ಸೀಟಿನ ಹಿಂದೆ ತುರುಕಿದ. ಹಿಮದ ಇಳಿಜಾರಿನಲ್ಲಿ ದಿಮ್ಮಿ ತುಂಬಿದ ಲಾರಿಗೆ ಹೆದರದ ಮನುಷ್ಯ ಸೋದರಮಾವನ ನಗುವಿಗೆ ಹೆದರಿದ.

ಬೆಲ್ಟು ಸೀಟಿನ ಹಿಂದೆ ಇರುವುದು ಲೆಂಪಿಗೆ ಗೊತ್ತಾಗಲು ಒಂದು ವಾರ ಹಿಡಿಯಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ತನಗೊಂದು ಕೊಂಡಳು. ಆ ಬೇಸಿಗೆಯೆಲ್ಲ ಅವರ ಅಂಗಳದ ಮೇಪಲ್ ಮರಕ್ಕೆ ಅರವತ್ತು ದಾಟಿದ ಹೆಂಗಸೊಬ್ಬಳು ಬೇಕೆಂದೇ ನೇತುಬೀಳುತ್ತಿದ್ದಳು. ರೇಯ್ನೊ ಕುರ್ಚಿಯಲ್ಲಿ ಕೂತು, ಕೈಗೋಲಿನಿಂದ ತೋರಿಸುತ್ತ, ಹೇಗೆ ಮಾಡಬೇಕೆಂಬುದನ್ನು ಡಬ್ಬಿಯ ಮೇಲಿಂದ ಓದಿ ಹೇಳುತ್ತಿದ್ದ. ಅಂಚೆಯವನು ಮೊದಲ ಸಲ ಕಂಡಾಗ ಪೊಲೀಸರಿಗೆ ಫೋನ್ ಮಾಡಹೊರಟಿದ್ದನಂತೆ.

ಬೇಟೆ ಶುರುವಾಗುವ ಹಿಂದಿನ ಸಂಜೆ ನಾವು ನಾಲ್ವರು, ಅಂದರೆ ಸುಲೊ, ರಾಡ್ನಿ, ನೆರೆಯ ಕ್ಲಾರೆನ್ಸ್ ಲಬೀನ್ ಮತ್ತು ನಾನು, ಒಲೆಯ ಸುತ್ತ ಕಾಲು ಚಾಚಿ ಕೂತಿದ್ದೆವು. ಲೆಂಪಿ ಬಾಗಿಲು ದೂಡಿಕೊಂಡು ಬಂದಳು. ಒಂದು ಕೈಯಲ್ಲಿ ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಪ್ಯಾಸ್ಟಿಗಳ ತಟ್ಟೆ, ಇನ್ನೊಂದರಲ್ಲಿ ಗಂಡನ ಬಂದೂಕು.

"ಏನೇ ಲೆಂಪಿ, ಪ್ಯಾಸ್ಟಿ ಕೊಡೋಕೆ ಇಷ್ಟು ದೂರ ಬಂದ್ಯಾ?" ಎಂದ ಸುಲೊ. "ರಾಡ್ನಿ ಕೈಲಿ ಕಳ್ಸಿದ್ರೆ ಆಗ್ತಿರ್ಲಿಲ್ವಾ?"

"ಕೊಡೋಕಲ್ಲ, ತಿನ್ನೋಕೆ ಬಂದೆ. ನಾಳೆ ಅಪ್ಪನ ಅಟ್ಟಣೆ ನಂದು."

"ಎಲೆ ಎಳ್ದಿರೋದು ರಾಡ್ನಿ."

"ಅವನು ನಂಗೆ ಬಿಟ್ಕೊಟ್ಟಿದಾನೆ. ಅಲ್ವೇನೋ?"

ರಾಡ್ನಿ ಪ್ಯಾಸ್ಟಿಯನ್ನು ನೋಡಿದ, ಅಮ್ಮನನ್ನು ನೋಡಿದ. "ಹೂಂ."

"ಯಾವಾಗ ಬಿಟ್ಕೊಟ್ಯೋ?"

"ಈಗ್ಲೇ ಮಾವ."

ಕ್ಲಾರೆನ್ಸ್ ಗಂಟಲು ಸರಿಮಾಡಿಕೊಂಡ. "ಅಲ್ಲಾ ಲೆಂಪಿ, ಹೆಂಗಸ್ರು ಕ್ಯಾಂಪಲ್ಲಿ ಮಲಗೋ ಪದ್ಧತಿ ಇಲ್ವಲ್ಲ..."

ಲೆಂಪಿ ನಿವೃತ್ತಿಯಾಗುವವರೆಗೂ ಶಾಲೆಯ ಬಸ್ಸು ಓಡಿಸಿದವಳು. ಈ ಸೀಮೆಯ ಅರ್ಧ ಗಂಡಸರು ಅವಳಿಗೆ ಇವತ್ತಿಗೂ ಹಿಂದಿನ ಸೀಟಿನ ಹುಡುಗರು. "ಕ್ಲಾರೆನ್ಸ್, ನೀನು ಯಾವ ತಿರುವಲ್ಲಿ ವಾಂತಿ ಮಾಡ್ತಿದ್ದೆ ಅಂತ ನಂಗಿನ್ನೂ ನೆನಪಿದೆ. ಹೇಳ್ಲಾ? ನಿನ್ ಗೊರಕೆ ಕೇಳ್ಕೊಂಡು ಮಲಗೋ ಪದ್ಧತಿ ನಂಗೂ ಇಲ್ಲ. ಸೌನಾದಲ್ಲಿ ಮಲಗ್ತೀನಿ."

ಕ್ಲಾರೆನ್ಸ್ ಮತ್ತೆ ಬಾಯಿ ತೆರೆದದ್ದು ಪ್ಯಾಸ್ಟಿಗೆ ಮಾತ್ರ.

ಸುಲೊ ಸೋಲುವವನಲ್ಲ. "ಸರಿ, ಹತ್ತು. ಬೇಡ ಅನ್ನಲ್ಲ. ನೀನೂ ಒನ್ನಿ ಮಟ್ಟಿಲನ ಮಗಳೇ. ಆದ್ರೆ ಅಪ್ಪ ಹತ್ತಿದ ಹಾಗೆ ಹತ್ಬೇಕು."

ಲೆಂಪಿ ಚೀಲದಿಂದ ಬೆಲ್ಟು ತೆಗೆದು ಮೇಜಿನ ಮೇಲೆ ಹರಡಿದಳು. "ಮಧ್ಯಾಹ್ನ ನೀವು ಬರೋಕ್ ಮುಂಚೆ ಹೋಗಿ, ಕಾಂಡಕ್ಕೆ ಪಟ್ಟಿ ಬಳ್ಸಿ ಹತ್ತಿ, ಹಗ್ಗ ಕಟ್ಟಿ ಬಂದಿದೀನಿ. ಅಟ್ಟಣೆಗಿಂತ ಮೇಲೆ ಕಾಂಡಕ್ಕೆ ಕಟ್ಟಿದೆ, ನೆಲದ ತನಕ ಇಳಿಬಿಟ್ಟಿದೆ. ಕಾಲು ನೆಲದ ಮೇಲಿರುವಾಗ್ಲೇ ಬೆಲ್ಟು ಹಗ್ಗಕ್ಕೆ ಸಿಕ್ಕಿಸ್ತೀನಿ, ಮತ್ತೆ ನೆಲಕ್ಕೆ ಬಂದ್ಮೇಲೇ ಬಿಚ್ಚೋದು. ಆ ಮೇಲಿನ ಮೆಟ್ಟಿಲು ಅಲ್ಲಾಡ್ತಿದೆ ಸುಲೊ."

"ಅದಕ್ಕೆ ಐದು ಮೊಳೆ ಹೊಡ್ದಿದೀನಿ."

"ನೂರು ಹೊಡಿ. ಸೀಳಿರೋ ಹಲಗೆಗೆ ಮೊಳೆ ಹೊಡ್ದಷ್ಟೂ ಸೀಳೇ."

"ನಲವತ್ತು ವರ್ಷ ಹತ್ತಿದೀನಿ, ಬಿದ್ದಿಲ್ಲ."

"ರೇಯ್ನೊ ಕೂಡ ಬೀಳೋ ದಿನದ ತನಕ ಬಿದ್ದಿರ್ಲಿಲ್ಲ. ನೋಡು, ಒಬ್ಬ ಗಂಡಸಿನ ಬೆನ್ನು ಉಜ್ಜಿ ಉಜ್ಜಿ ವರ್ಷ ಆಯ್ತು. ಇನ್ನೊಬ್ಬಂದು ಉಜ್ಜೋಕೆ ನನ್ ಕೈಲಾಗಲ್ಲ. ಇವನನ್ನ ಬರೀ ಕೈಲಿ ಆ ಮರ ಹತ್ತೋಕೆ ಬಿಡಲ್ಲ. ಅದಕ್ಕೇ ಬಂದಿದೀನಿ. ಬೇರೆ ಯಾವ ಘನಂದಾರಿ ಕಾರಣಾನೂ ಇಲ್ಲ."

ರಾಡ್ನಿ ಗಡ್ಡದೊಳಗೆ ಎಲ್ಲಾದರೂ ಅಡಗಲು ಜಾಗವಿದೆಯೇ ಎಂದು ಹುಡುಕುವಂತೆ ತಲೆ ತಗ್ಗಿಸಿದ.

"ಹಾಗಾದ್ರೆ ಬಾಲ ಹೋಗುತ್ತೆ," ಎಂದ ಸುಲೊ.

"ಹೋಗ್ಲಿ." ಲೆಂಪಿ ಕೋಟು ಬಿಚ್ಚಿದಳು. ಒಳಗೆ ಕೆಂಪು ಕಪ್ಪು ಚೌಕಳಿಯ ದಪ್ಪ ಉಣ್ಣೆ ಅಂಗಿ. ಬಾಲವನ್ನು ಹೊರಗೆಳೆದು ಅಣ್ಣನ ಕಡೆ ಬೆನ್ನು ತಿರುಗಿಸಿ ನಿಂತಳು. "ಮೇಷ್ಟ್ರೇ, ಕತ್ತರಿ ಕೊಡಿ ಅವನಿಗೆ. ಈಗ್ಲೇ ಕತ್ತರಿಸಿಬಿಡ್ಲಿ, ನಾಳೆ ಬೆಳಗ್ಗೆ ಸುಮ್ನೆ ಹೊತ್ತು ಹಾಳು."

ನಾನು ಕೊಟ್ಟೆ. ಸುಲೊ ಧಾರಾಳವಾಗಿಯೇ ಕತ್ತರಿಸಿದ. ಮೊಳೆ ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು, ಚಿತ್ರ ನೋಡುವವನಂತೆ ತಲೆ ವಾರೆ ಮಾಡಿ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಬದಲಾಯಿತು.

"ಈ ಅಂಗಿ..."

"ನಿಂದೇ. ಗುಂಡಿ ಹಾಕ್ಕೊಡು ಅಂತ ವಸಂತದಲ್ಲಿ ಕೊಟ್ಟಿದ್ಯಲ್ಲ. ಹಾಕಿದೀನಿ ನೋಡು, ಎಲ್ಲಾ ಗುಂಡಿ ಸರಿಯಾಗಿದೆ."

ಕ್ಲಾರೆನ್ಸ್ ನಗುವಾಗ ಪ್ಯಾಸ್ಟಿ ಗಂಟಲಿಗೆ ಸಿಕ್ಕಿಕೊಂಡಿತು. ಅವನ ಬೆನ್ನು ಗುದ್ದುವ ಗಲಾಟೆಯಲ್ಲಿ ಮಾತು ಅಲ್ಲಿಗೇ ನಿಂತಿತು.

ಬೆಳಗ್ಗೆ ಕಾಡು ಕಣ್ಣು ಬಿಡುವ ಮೊದಲೇ ಎಲ್ಲರೂ ಹೊರಟರು. ಲೆಂಪಿ ಬಂದೂಕನ್ನು ಹೆಗಲಿಗೇರಿಸಲಿಲ್ಲ. ಗುಂಡು ತುಂಬದೆ ಇನ್ನೊಂದು ಸಣ್ಣ ಹಗ್ಗದ ತುದಿಗೆ ಕಟ್ಟಿಟ್ಟು, ತಾನು ಮೇಲೆ ಕೂತ ಮೇಲೆ ಎಳೆದುಕೊಂಡಳು. ನಸುಬೆಳಕಿನಲ್ಲಿ ಅವಳ ಕಿತ್ತಳೆ ಬಣ್ಣದ ಕೋಟು ಪೈನಿನ ಮೇಲೆ ದೀಪದಂತೆ ನನ್ನ ಕಿಟಕಿಗೆ ಕಾಣುತ್ತಿತ್ತು. ಹತ್ತುವಾಗ ಮೆಟ್ಟಿಲೊಂದಕ್ಕೆ ಒಮ್ಮೆ ನಿಂತು ಬೆಲ್ಟನ್ನು ಹಗ್ಗಕ್ಕೆ ಹಿಡಿದಿದ್ದ ಗಂಟನ್ನು ತನ್ನ ತಲೆಗಿಂತ ಎತ್ತರಕ್ಕೆ ಸರಿಸುತ್ತಿದ್ದಳು. ಸುಮ್ಮನೆ ದೂಡಿದರೆ ಸರಿಯುವ, ಜಗ್ಗಿದರೆ ಕಚ್ಚಿಕೊಳ್ಳುವ ಗಂಟು ಅದು. ಅವಳ ಸ್ವಭಾವದ್ದೇ.

ಹೊತ್ತು ಏರಿದ ಮೇಲೆ ಗಂಡಸರು ಕಾಫಿಗೆ ಮರಳಿದರು. ಯಾರಿಗೂ ಏನೂ ಸಿಕ್ಕಿರಲಿಲ್ಲ. ಎಲ್ಲರೂ ಲೋಟ ಹಿಡಿದು ಲಾರಿ ಗಾಜಿನ ಮುಂದೆ ನಿಂತರು. ಅಷ್ಟರಲ್ಲಿ ಲೆಂಪಿಯೂ ಬಂದೂಕಿನ ಗುಂಡು ತೆಗೆದು, ಅದನ್ನು ಹಗ್ಗದಲ್ಲಿ ಕೆಳಗಿಳಿಸಿದಳು.

"ಆಡು ಇಳೀತಿದೆ, ನೋಡ್ರೋ," ಎಂದ ಸುಲೊ. "ಹಗ್ಗ ಜೋಪಾನ..."

ಲೆಂಪಿ ಅಟ್ಟಣೆಯ ಅಂಚಿನಿಂದ ಬಲಗಾಲನ್ನು ಕೆಳಗೆ ಬಿಟ್ಟು ಮೇಲಿನ ಮೆಟ್ಟಿಲನ್ನು ತಡಕಿದಳು. ಪೂರ್ತಿ ಭಾರ ಬಿಟ್ಟಳು. ಐದು ಮೊಳೆಗಳ ಮೆಟ್ಟಿಲು ಎರಡು ಹೋಳಾಯಿತು. ಸದ್ದು ಹುಲ್ಲುಗಾವಲು ದಾಟಿ ಆಮೇಲೆ ಬಂತು. ಅದಕ್ಕೆ ಮೊದಲೇ ಕಿತ್ತಳೆ ಕೋಟು ಕೆಳಗೆ ಕುಸಿದಿತ್ತು. ಒಂದು ಮೊಳ ಕುಸಿದು, ಅಲ್ಲಿಗೇ ನಿಂತಿತು.

ರಾಡ್ನಿಯ ಲೋಟ ನೆಲಕ್ಕೆ ಬಿತ್ತು. ನಾವೆಲ್ಲ ಓಡಿದೆವು. ನನ್ನ ಕೈಯಲ್ಲಿ ಸೌಟು ಇದ್ದದ್ದು ಮರದ ಬುಡ ಮುಟ್ಟಿದ ಮೇಲೆ ನನಗೆ ಗೊತ್ತಾಯಿತು.

ಲೆಂಪಿ ಕಾಂಡಕ್ಕೆ ಭುಜ ತಾಗಿಸಿಕೊಂಡು ನೇತಾಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು, ದನಿ ಬಿಳಿಚಿಕೊಂಡಿರಲಿಲ್ಲ. "ಯಾರೂ ಹತ್ಬೇಡಿ! ಆ ಮೆಟ್ಟಿಲುಗಳ ಮೇಲೆ ಯಾರೂ ಕಾಲಿಡ್ಬೇಡಿ!"

"ಅಮ್ಮಾ!"

"ಕಿರುಚ್ಬೇಡ್ವೋ, ಜಿಂಕೆ ಹೆದರ್ತವೆ." ಅವಳು ಜೇಬಿನಿಂದ ಒಂದು ಪಟ್ಟಿ ತೆಗೆದಳು. "ಹೀಗೇ ನೇತಾಡ್ತಿದ್ರೆ ತೊಡೆ ಬಿಗಿದು ರಕ್ತ ನಿಂತುಹೋಗುತ್ತೆ. ಅದಕ್ಕೇ ಇದು." ಪಟ್ಟಿಯನ್ನು ಹಗ್ಗಕ್ಕೆ ಸಿಕ್ಕಿಸಿ, ಕುಣಿಕೆಗೆ ಬೂಟು ತೂರಿಸಿ, ಅದರ ಮೇಲೆ ಎದ್ದು ನಿಂತಳು. ಗಂಟನ್ನು ಮೇಲೆ ಸರಿಸಿದಳು. ಮತ್ತೆ ನಿಂತಳು, ಮತ್ತೆ ಸರಿಸಿದಳು. ಅಂಗಳದ ಮೇಪಲ್ ಮರ ಕಲಿಸಿದ್ದನ್ನೆಲ್ಲ ಪೈನಿಗೆ ಒಪ್ಪಿಸಿ, ಅಟ್ಟಣೆಯ ಮೇಲಕ್ಕೆ ಮೊದಲು ಎದೆ, ಆಮೇಲೆ ಮಂಡಿ ಹಾಕಿ ಏರಿ ಕೂತಳು.

ಸುಲೊ ಮೆಟ್ಟಿಲಿನ ಒಂದು ಹೋಳನ್ನು ಹಿಮದಿಂದ ಎತ್ತಿಕೊಂಡಿದ್ದ. ಹೆದರಿದ ಮನುಷ್ಯ ಮೊದಲು ಮಾಡುವ ಕೆಲಸವನ್ನೇ ಮಾಡಿದ, ಸಿಟ್ಟಾದ.

"ಅಪ್ಪನ ಮೆಟ್ಟಿಲು ಮುರಿದ್ಯಲ್ಲೇ! ಬೇಕಂತಲೇ ತುಳಿದೆ ನೀನು!"

"ತುಳಿದೆ. ಮೆಟ್ಟಿಲು ಇರೋದೇ ತುಳಿಯೋಕೆ."

"ಅಪ್ಪ ಕೈಯಾರೆ ಮಾಡಿದ್ದು ಕಣೇ!"

"ಹೌದು. ನಾನೇ ಮುರಿದಿದ್ದು, ಎಲ್ಲರೂ ನೋಡಿದೀರಿ. ಮೇಷ್ಟ್ರೇ, ನೋಡಿದ್ರಲ್ಲ? ಈಗ ಹೇಳು ಸುಲೊ. ಕ್ಯಾಂಪಲ್ಲಿ ಮುರಿದವರು ಏನ್ ಮಾಡ್ಬೇಕು?"

ಕ್ಲಾರೆನ್ಸ್ ನಿಧಾನವಾಗಿ ತಿರುಗಿ, ಹುಲ್ಲುಗಾವಲಿನ ಆಚೆ ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದ ಲಾರಿ ಗಾಜನ್ನು ನೋಡಿದ. ನಾನೂ ನೋಡಿದೆ. ಕಡೆಗೆ ಸುಲೊನೂ ನೋಡಬೇಕಾಯಿತು.

"ಮೊದ್ಲು ಕೆಳಗಿಳಿ. ಆಮೇಲೆ ಮಾತಾಡಣ."

"ಇಳಿಯಲ್ಲ. ನಂಗಿಲ್ಲಿ ಏನೂ ಕಷ್ಟ ಇಲ್ಲ, ಹಗ್ಗ ಇದೆ. ನೀನು ಹೇಳು, ಕೇಳ್ತೀನಿ."

"ಚಳಿಗೆ ಸಾಯ್ತೀಯ!"

"ನಿನ್ನ ಉಣ್ಣೆ ಅಂಗಿ ಇದೆ. ಬಾಲದ ಹತ್ರ ಸ್ವಲ್ಪ ಗಾಳಿ ಅಷ್ಟೆ."

ಸುಲೊ ಕೋಪದಿಂದ ಹಿಮ ಒದ್ದ. "ಏನ್ ಮಾಡ್ಬೇಕು ಅಂತಿದೀಯಾ?"

"ಈ ಮೆಟ್ಟಿಲು ಅಷ್ಟೂ ಕಿತ್ತುಹಾಕ್ತೀನಿ. ಏಣಿ ತಂದು ಕಾಂಡಕ್ಕೆ ಪಟ್ಟಿ ಬಿಗಿದು ನಿಲ್ಲಿಸ್ತೀನಿ, ಬೇಟೆ ಮುಗಿದ ಮೇಲೆ ಬಿಚ್ಚಿ ಒಳಗಿಡ್ಬೇಕು, ಮರ ಬೆಳೆಯುತ್ತೆ ಅಂತ ಈಗಲಾದ್ರೂ ಗೊತ್ತಾಯ್ತಲ್ಲ. ಹಗ್ಗ ಇಲ್ಲೇ ಇರುತ್ತೆ. ಹಗ್ಗಕ್ಕೆ ಸಿಕ್ಕಿಸಿಕೊಳ್ದೆ ಈ ಮರ ಯಾರೂ ಹತ್ತೋ ಹಾಗಿಲ್ಲ. ನಾನು ಮಾಡೋದು ಹೀಗೆ. ಬಾಯಿ ಹಾಕ್ತೀಯಾ?"

ಒನ್ನಿ ಮಟ್ಟಿಲನ ಮಗ ಒನ್ನಿ ಮಟ್ಟಿಲನ ಕಾನೂನಿಗೆ ಬಾಯಿ ಹಾಕುವುದು ಹೇಗೆ? ಅವನು ಕೈಯಲ್ಲಿದ್ದ ಹೋಳನ್ನು ಹಿಮಕ್ಕೆ ಎಸೆದ.

ಅಷ್ಟರಲ್ಲಿ ರಾಡ್ನಿ ನಮ್ಮ ಮಧ್ಯೆ ಇರಲಿಲ್ಲ. ತನ್ನ ಲಾರಿಯಲ್ಲಿದ್ದ ಏಣಿ ಹೊತ್ತುಕೊಂಡು ಬರುತ್ತಿದ್ದ. ಮೈಮೇಲೆ ಸೀಟಿನ ಹಿಂದಿದ್ದ ಬೆಲ್ಟು. ತೊಡೆಯ ಪಟ್ಟಿಗಳನ್ನು ತಿರುವುಮುರುವು ಹಾಕಿಕೊಂಡಿದ್ದ.

"ಎಡಗಡೆದು ತಿರುಚಿದೆ!" ಎಂದು ಮೇಲಿನಿಂದ ಕೂಗು ಬಂತು.

ರಾಡ್ನಿ ಏಣಿ ಇಳಿಸಿ ಪಟ್ಟಿ ಸರಿಮಾಡಿಕೊಂಡ. ಸುಲೊ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೂನಾ?" ಎಂದ. "ಕತ್ತರಿ ಎಲ್ಲಿದೆ ಗೊತ್ತಲ್ಲ?"

ರಾಡ್ನಿ ಕೋಟಿನ ಹಿಂಬದಿ ಎತ್ತಿದ. ಪ್ಯಾಂಟಿನೊಳಗಿದ್ದ ಅಂಗಿಯ ಬಾಲವನ್ನು ಎರಡೂ ಕೈಯಿಂದ ಹಿಡಿದು, ಚರ್ರೆಂದು ತಾನೇ ಹರಿದ. ಸೋದರಮಾವನ ಕೈಗಿಟ್ಟ.

"ತಗೋ ಮಾವ. ಮೊಳೆ ನಿನ್ ಹತ್ರ ಬೇಕಾದಷ್ಟಿದೆಯಲ್ಲ. ಈಗ ಏಣಿ ಹಿಡ್ಕೋ."

ಸುಲೊ ಬಾಲವನ್ನು ಜೇಬಿಗೆ ಹಾಕಿ ಏಣಿ ಹಿಡಿದ. ರಾಡ್ನಿ ಅಷ್ಟಕ್ಕೇ ಹತ್ತಲಿಲ್ಲ. ಬೆಲ್ಟಿನ ಇನ್ನೊಂದು ಪಟ್ಟಿಯನ್ನು ಕಾಂಡದ ಸುತ್ತ ಬಳಸಿ ಎರಡೂ ಕಡೆ ಸಿಕ್ಕಿಸಿ, ಜಗ್ಗಿ ನೋಡಿ, ಆಮೇಲೆ ಹತ್ತಿದ. ಏಣಿಯ ತಲೆಯನ್ನು ಅಟ್ಟಣೆಯ ಹತ್ತಿರ ಮರಕ್ಕೆ ಬಿಗಿದ. ತಾಯಿ ಮಗ ಮೇಲೆ ಏನು ಮಾತಾಡಿದರೋ ಕೇಳಿಸಲಿಲ್ಲ. ಲೆಂಪಿ ಅವನ ಗಡ್ಡ ಹಿಡಿದು ಒಮ್ಮೆ ಅಲುಗಿಸಿದ್ದು ಕಂಡಿತು.

ರಾಡ್ನಿ ಇಳಿದ. ಲೆಂಪಿ ಇಳಿಯಲಿಲ್ಲ.

"ಇನ್ನೇನು? ಎಲ್ಲಾ ನಿನ್ನಿಷ್ಟದ ಹಾಗೇ ಆಯ್ತಲ್ಲ!" ಎಂದ ಸುಲೊ.

"ಬೇಟೆಗೆ ಬಂದಿದೀನಿ ಸುಲೊ. ಸಾಯಂಕಾಲದ ತನಕ ಅಟ್ಟಣೆ ನಂದು. ಬಂದೂಕಲ್ಲಿ ಗುಂಡು ಇಲ್ಲ ಅಂತ ನೋಡಿ ಹಗ್ಗಕ್ಕೆ ಕಟ್ಟು, ಎಳ್ಕೋತೀನಿ. ಹಾಗೇ ಒಂದು ಪ್ಯಾಸ್ಟೀನೂ ಕಟ್ಟು. ಕಾಫಿಗೆ ಅಂತ ಹೊರಟೋಳು, ನೀನು ಮಾತಿಗೆ ಹಿಡ್ಕೊಂಡೆ."

ಸುಲೊ ಬಂದೂಕನ್ನು ತೆರೆದು, ಬೆರಳು ಹಾಕಿ ತಡವಿ, ಮತ್ತೊಮ್ಮೆ ತಡವಿ, ಕಟ್ಟಿದ. ಕ್ಯಾಂಪಿನಿಂದ ಪ್ಯಾಸ್ಟಿ ತಂದು ತನ್ನ ಕರವಸ್ತ್ರದಲ್ಲಿ ಸುತ್ತಿ ಕಟ್ಟಿದ. ಅದು ಮೇಲೆ ಮುಟ್ಟುವವರೆಗೂ ಕತ್ತೆತ್ತಿ ನಿಂತಿದ್ದ.

ಅಷ್ಟೆಲ್ಲ ಕೂಗಾಟವಾದ ಮೇಲೆ ಆ ದಿಕ್ಕಿಗೆ ಯಾವ ಜಿಂಕೆಯೂ ಬರುವ ಮಾತಿರಲಿಲ್ಲ. ಲೆಂಪಿ ಸಾಯಂಕಾಲದ ತನಕ ಕೂತಳು. ಮಾರನೆಯ ದಿನ ತಾಯಿ ಮಗ ಸೇರಿ ಮೆಟ್ಟಿಲುಗಳನ್ನು ಕಿತ್ತರು. ಹೆಚ್ಚಿನವು ಕೈಯಿಂದಲೇ ಬಂದವು. ಆ ರಾಶಿಯನ್ನು ಸೌನಾದ ಒಲೆಗೆ ಹೊತ್ತು ತಂದವನು ಸುಲೊ, ಯಾರೂ ಹೇಳದೆ. ಒಣಗಿದ ಪೈನು ಚೆನ್ನಾಗಿ ಉರಿಯಿತು. ಬೂದಿಯಲ್ಲಿ ಒಂದು ಬಕೆಟ್ ಮೊಳೆ ಸಿಕ್ಕಿತು.

ಕ್ಯಾಂಪು ಮುಗಿಸಿ ಹೊರಡುವ ದಿನ ಸುಲೊ ತಂಗಿಯ ಗಾಡಿಯ ಬಳಿ ಸುಳಿದಾಡಿದ. "ಆ ಅಂಗಿ... ಬಾಲ ಗೋಡೆ ಮೇಲಿದೆಯಲ್ಲ, ಹೊಲಿದು ಕೊಡ್ತೀಯಾ?"

"ಬೆಲ್ಟು ಹಾಕ್ಕೊಂಡು ಅಪ್ಪನ ಮರ ಹತ್ತಿದ ದಿನ ಹೊಲಿದು ಕೊಡ್ತೀನಿ."

"ಹಾಗಾದ್ರೆ ಬೇಡ. ಹೀಗೇ ಹಾಕ್ಕೋತೀನಿ."

"ಹಾಕ್ಕೋ. ಬೆನ್ನಿಗೆ ಗಾಳಿ ಒಳ್ಳೇದು."

ಎರಡು ಚಳಿಗಾಲ ಅವನು ಮೊಂಡು ಅಂಗಿಯಲ್ಲೇ ತಿರುಗಿದ. ಮಂಡಿ ನೋವು ಎಂದು ಹೇಳಿ ಬೋರಲು ಬಕೆಟ್ಟಿನ ಮೇಲೆ ಕೂತು ನೆಲದಿಂದಲೇ ಬೇಟೆಯಾಡಿದ. ರಾಡ್ನಿ ಬೆಲ್ಟು ಹಾಕಿ ಹತ್ತಿದ, ಕ್ಲಾರೆನ್ಸ್ ಕೂಡ ಹತ್ತಿದ. ಕತ್ತರಿಯ ಸುದ್ದಿ ಯಾರೂ ಎತ್ತಲಿಲ್ಲ.

ಈ ವರ್ಷ ನಾನು ಒಲೆ ಹೊತ್ತಿಸಲು ಒಂದು ದಿನ ಮುಂಚೆ ಹೋದಾಗ ಗೋಡೆಯ ಮೇಲೆ ಒಂದು ಮೊಳೆ ಬರಿದಾಗಿತ್ತು. ಸಂಜೆ ಸುಲೊ ಬಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಕೆಂಪು ಕಪ್ಪು ಚೌಕಳಿಯ ಅಂಗಿ, ಹಿಂದೆ ನೀಟಾಗಿ ಹೊಲಿದ ಬಾಲ. ಹೊಲಿಗೆ ಲೆಂಪಿಯದೇ. ಲೆಂಪಿ ಆಡಿದ ಮಾತು ತಪ್ಪುವವಳಲ್ಲ. ಸುಲೊ ಒಲೆಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತಿದ್ದ.